ಮೊದಲ ತಿಂಗಳ ಆಟ

ಮಾರ್ಚ್ ತಿಂಗಳು ಮುಗಿಯುತ್ತ ಬಂದಿತೆಂದರೆ ಅಮೆರಿಕ ದೇಶದಲ್ಲಿ ಬೇಸ್‌ಬಾಲ್ ಆಟದ ಋತು ಆರಂಭವಾಗುತ್ತದೆ. ಆ ದೇಶದ ೨೯ ತಂಡಗಳೂ ಕೆನಡಾದ ಟೊರಾಂಟೊ ನಗರದ ತಂಡವೊಂದೂ ಸೇರಿ ಒಟ್ಟು ೩೦ ವೃತ್ತಿತಂಡಗಳು. ಒಂದೊಂದಕ್ಕೂ ೧೬೨ ಪಂದ್ಯಗಳು. ಅವುಗಳಲ್ಲಿ ಅರ್ಧ ಸ್ವಸ್ಥಳದಲ್ಲಿ, ಅರ್ಧ ಪರಸ್ಥಳದಲ್ಲಿ. ಹೆಚ್ಚುಕಡಮೆ ದಿನಕ್ಕೊಂದರಂತೆ ಸೆಪ್ಟೆಂಬರಿನ ಕೊನೆಯವರೆಗೆ ಆಟ ನಡೆಯುತ್ತದೆ. ಆಮೇಲೆ, ೨೦೨೨ರಿಂದ ಈಚಿನ ಪದ್ಧತಿಯಂತೆ, ೧೨ ತಂಡಗಳು ಮುಂದಿನ ಸುತ್ತುಗಳಿಗೆ ಹೋಗುತ್ತವೆ. ಉಳಿದ ೧೮ ತಂಡಗಳ ಅಭಿಮಾನಿಗಳು ಮುಂದಿನ ವರ್ಷವನ್ನು ನಂಬಿಕೊಂಡು ಸುಮ್ಮನಾಗುತ್ತಾರೆ. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಆ ನಗರಗಳಲ್ಲಿ ನೆಲಸಿರುವುದರಿಂದ ಈ ಆಟದ ಹೆಸರು ನಮಗೆ ತೀರ ಹೊಸದಲ್ಲ. ಅದರ ಸುತ್ತ ನಡೆಯುವ ವಾಗ್ವಾದವೂ ನಮಗೆ ಅಪರಿಚಿತವಾಗಿರಬೇಕಾಗಿಲ್ಲ.

ಈ ದೀರ್ಘವಾದ ಋತುವಿನ ಮೊದಲ ನಾಲ್ಕಾರು ವಾರಗಳನ್ನು ಕುರಿತು ಎರಡು ಮತಗಳು ಪ್ರಚಾರದಲ್ಲಿವೆ. “ಇದಿನ್ನೂ ಏಪ್ರಿಲ್, ಈಗಿನ ಆಟ ಲೆಕ್ಕಕ್ಕೆ ಬಾರದು” ಎಂಬುದು ಒಂದು. “ಹತ್ತು ಆಟ ನೋಡಿದೆವು, ತಂಡದ ಯೋಗ್ಯತೆ ತಿಳಿಯಿತು, ಮ್ಯಾನೇಜರನನ್ನು ತೆಗೆದುಹಾಕಿರಿ” ಎಂಬುದು ಮತ್ತೊಂದು. ಮೊದಲನೆಯದನ್ನು ಹೇಳುವವರು ತಮ್ಮನ್ನು ಧೀರರೆಂದು ಭಾವಿಸುತ್ತಾರೆ. ಎರಡನೆಯದನ್ನು ಹೇಳುವವರು ತಮ್ಮನ್ನು ಸೂಕ್ಷ್ಮದರ್ಶಿಗಳೆಂದು ಭಾವಿಸುತ್ತಾರೆ. ಈ ಎರಡು ಮತಗಳೂ ತಪ್ಪೆಂದೂ, ಬರಿಯ ತಪ್ಪಾಗಿ ಉಳಿಯದೆ ಆಟಗಾರನಿಗೂ ಪ್ರೇಕ್ಷಕನಿಗೂ ಅನ್ಯಾಯವನ್ನುಂಟುಮಾಡುತ್ತವೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲನೆಯ ಮತವನ್ನು ಪರೀಕ್ಷಿಸೋಣ. ಏಪ್ರಿಲಿನ ಗೆಲವಿಗೂ ಸೆಪ್ಟೆಂಬರಿನ ಗೆಲವಿಗೂ ಪಟ್ಟಿಯಲ್ಲಿ ಭೇದವುಂಟೆ? ಇಲ್ಲ. ಎರಡೂ ಒಂದೊಂದೇ. ೧೯೮೨ರಲ್ಲಿ ಅಟ್ಲಾಂಟಾ ನಗರದ ಬ್ರೇವ್ಸ್ ತಂಡ ತನ್ನ ಮೊದಲ ೧೩ ಪಂದ್ಯಗಳನ್ನೂ ಗೆದ್ದಿತು. ಅದೇ ತಂಡ ಜುಲೈ ಕೊನೆಯಿಂದ ಆಗಸ್ಟಿನ ನಡುವಿನವರೆಗೆ ಆಡಿದ ೨೧ ಪಂದ್ಯಗಳಲ್ಲಿ ೧೯ನ್ನು ಸೋತಿತು. ಆದರೂ ವರ್ಷದ ಕೊನೆಗೆ ೮೯ ಗೆಲವುಗಳಿಂದ ತನ್ನ ವಿಭಾಗದಲ್ಲಿ ಅಗ್ರಸ್ಥಾನಕ್ಕೆ ಬಂದಿತು. ಎರಡನೆಯದಾದ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಗೆಲವುಗಳು ೮೮. ಅಂತರ ಒಂದೇ ಒಂದು ಪಂದ್ಯ! ಆ ಹದಿಮೂರರಲ್ಲಿ ಒಂದೇ ಒಂದನ್ನು ಕಳೆದುಕೊಂಡಿದ್ದರೂ ಎರಡು ತಂಡಗಳು ಸಮವಾಗುತ್ತಿದ್ದುವು. ಎರಡನ್ನು ಕಳೆದುಕೊಂಡಿದ್ದರೆ ಅಟ್ಲಾಂಟಾದ ಕಥೆಯೇ ಮುಗಿಯುತ್ತಿತ್ತು. ಚಳಿಗೆ ಮುದುಡಿಕೊಂಡು ಏಪ್ರಿಲಿನ ಆಟವನ್ನು ನೋಡಿದವನೇ ಆ ವರ್ಷದ ಜಯವನ್ನು ನೋಡಿದವನು.

ಇದಕ್ಕೆ ವಿಪರೀತವಾದ ಉದಾಹರಣೆಯೂ ಉಂಟು. ೨೦೧೧ರಲ್ಲಿ ಬೋಸ್ಟನ್ ನಗರದ ರೆಡ್ ಸಾಕ್ಸ್ ತಂಡ ಮೊದಲ ಆರು ಪಂದ್ಯಗಳನ್ನು ಸೋತು, ಹನ್ನೆರಡು ಪಂದ್ಯಗಳಾಗುವ ಹೊತ್ತಿಗೆ ಎರಡನ್ನು ಮಾತ್ರ ಗೆದ್ದಿತ್ತು. “ಇನ್ನೂ ಕಾಲವಿದೆ” ಎಂದರು. ಕಾಲವಿತ್ತು ನಿಜ, ಬೇಸಗೆಯಲ್ಲಿ ತಂಡ ಚೆನ್ನಾಗಿಯೇ ಆಡಿತು. ಸೆಪ್ಟೆಂಬರಿನಲ್ಲಿ ೭ ಗೆದ್ದು ೨೦ ಸೋತು, ೯೦ ಗೆಲವುಗಳಲ್ಲಿ ನಿಂತುಬಿಟ್ಟಿತು. ೯೧ ಗೆದ್ದ ಟ್ಯಾಂಪಾ ಬೇ ತಂಡ ಅದನ್ನು ಋತುವಿನ ಕಟ್ಟಕಡೆಯ ದಿವಸ ಹಿಂದೆ ಹಾಕಿತು. ಇಂದಿಗೂ ಆ ನಗರದವರು ದೂಷಿಸುವುದು ಸೆಪ್ಟೆಂಬರನ್ನು. ಏಪ್ರಿಲಿನ ಆ ಹತ್ತು ಸೋಲುಗಳನ್ನು ಯಾರೂ ಎತ್ತಿ ಆಡುವುದಿಲ್ಲ. ಅವುಗಳಲ್ಲಿ ಒಂದು ಗೆಲವಾಗಿದ್ದರೆ ಸಾಕಾಗಿತ್ತು, ತಂಡ ಸಮಕ್ಕೆ ಬರುತ್ತಿತ್ತು. ಸಾಲಗಾರನು ಕೊನೆಯ ಕಂತಿನ ದಿನ ಅಳುತ್ತಾನೆ. ಮೊದಲ ಕಂತನ್ನು ತಪ್ಪಿಸಿದ ದಿನ ನಗುತ್ತಿದ್ದುದನ್ನು ನೆನೆಯುವುದಿಲ್ಲ.

ಹಾಗಾದರೆ ಎರಡನೆಯ ಮತದವರು ಸರಿಯಲ್ಲವೆ? ಏಪ್ರಿಲ್ ಲೆಕ್ಕಕ್ಕೆ ಬರುವುದಾದರೆ ಏಪ್ರಿಲಿನಲ್ಲಿಯೇ ತೀರ್ಪು ಹೇಳಬಾರದೇಕೆ? “ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂಬ ನಮ್ಮ ಗಾದೆಯೇ ಅವರ ಪರವಾಗಿ ಸಾಕ್ಷಿ ಹೇಳುವಂತೆ ತೋರುತ್ತದೆ. ಆದರೆ ಈ ಆಟದ ಸ್ವಭಾವವನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಇಲ್ಲಿ ನೂರು ಪಂದ್ಯ ಗೆದ್ದ ತಂಡವನ್ನು ಮಹಾತಂಡವೆನ್ನುತ್ತಾರೆ. ಆ ಮಹಾತಂಡವೂ ೬೨ ಪಂದ್ಯಗಳನ್ನು ಸೋತಿರುತ್ತದೆ. ಹತ್ತು ಬಾರಿ ದಾಂಡು ಹಿಡಿದು ಮೂರು ಬಾರಿ ಹೊಡೆತವನ್ನು ಸಫಲಗೊಳಿಸಿದವನು ನುರಿತ ಆಟಗಾರ; ಎರಡೇ ಬಾರಿ ಸಫಲನಾದವನು ಕೆಲಸ ಕಳೆದುಕೊಳ್ಳುವವನು. ಮೊದಲ ಹತ್ತು ಪಂದ್ಯಗಳಲ್ಲಿ ಒಬ್ಬನಿಗೆ ಸುಮಾರು ೪೦ ಅವಕಾಶಗಳು ದೊರೆಯುತ್ತವೆ. ಅವುಗಳಲ್ಲಿ ೧೨ ಸಫಲವಾದರೆ ಅವನು ನುರಿತವನು, ೮ ಆದರೆ ಅಯೋಗ್ಯನು. ನಡುವಿನ ವ್ಯತ್ಯಾಸ ನಾಲ್ಕು ಹೊಡೆತ. ಎದುರಾಳಿಯ ಕೈಗೆ ನೇರವಾಗಿ ಹೋದ ಎರಡು ಚೆಂಡು, ತಣ್ಣನೆಯ ಗಾಳಿಯಲ್ಲಿ ದೂರ ಸಾಗಲಾರದೆ ಬಿದ್ದ ಎರಡು ಚೆಂಡು, ಇಷ್ಟರಿಂದ ಒಬ್ಬ ಮನುಷ್ಯನ ಯೋಗ್ಯತೆಯನ್ನು ನಿರ್ಣಯಿಸುವುದು ಯಾವ ನ್ಯಾಯ? ಮೊಳಕೆಯನ್ನು ನೋಡಿ ಸಿರಿಯನ್ನು ಊಹಿಸಬಹುದು. ಆದರೆ ಮೊಳಕೆ ಏಳುವುದಕ್ಕೆ ಮುಂಚೆಯೇ ಮಣ್ಣನ್ನು ಕೆದಕಿ ಬೀಜವನ್ನು ನಿಂದಿಸುವವನು ಕೃಷಿಕನಲ್ಲ.

ಚರಿತ್ರೆಯೂ ಈ ಆತುರಗಾರರನ್ನು ಮತ್ತೆ ಮತ್ತೆ ನಾಚಿಸಿದೆ. ೧೯೫೧ರಲ್ಲಿ ನ್ಯೂಯಾರ್ಕಿನ ಜೈಂಟ್ಸ್ ತಂಡ ಏಪ್ರಿಲಿನಲ್ಲಿ ಸತತವಾಗಿ ೧೧ ಪಂದ್ಯಗಳನ್ನು ಸೋತಿತು. ಮೇ ತಿಂಗಳಿನ ಕೊನೆಯಲ್ಲಿ ತಂಡಕ್ಕೆ ಬಂದ ವಿಲಿ ಮೇಸ್ ಎಂಬ ತರುಣನಿಗೆ ಮೊದಲ ೨೬ ಅವಕಾಶಗಳಲ್ಲಿ ಸಫಲವಾದುದು ಒಂದೇ ಹೊಡೆತ. ಮ್ಯಾನೇಜರನಾಗಿದ್ದ ಲಿಯೋ ಡುರೋಷರ್ ಅವನನ್ನು ಕೈಬಿಡಲಿಲ್ಲ. ಆ ತರುಣ ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಗೌರವ ಪಡೆದ. ತಂಡ ಬ್ರೂಕ್ಲಿನ್ ಡಾಡ್ಜರ್ಸರನ್ನು ಹಿಂದಟ್ಟಿ ಹಿಡಿದು, ಅಕ್ಟೋಬರ್ ೩ರಂದು ನಡೆದ ನಿರ್ಣಾಯಕ ಪಂದ್ಯದಲ್ಲಿ ಗೆದ್ದಿತು. ೨೦೧೯ರಲ್ಲಿ ವಾಷಿಂಗ್‌ಟನ್ ನ್ಯಾಷನಲ್ಸ್ ತಂಡ ಮೊದಲ ೫೦ ಪಂದ್ಯಗಳಲ್ಲಿ ಗೆದ್ದುದು ೧೯. ಆ ವರ್ಷದ ವರ್ಲ್ಡ್ ಸೀರೀಸ್ ಅದರದಾಯಿತು. ಹೊಗಳಿಕೆಯ ಆತುರಕ್ಕೂ ಇದೇ ಶಿಕ್ಷೆ. ೧೯೮೭ರಲ್ಲಿ ಮಿಲ್ವಾಕಿ ಬ್ರೂಅರ್ಸ್ ತಂಡ ಅಟ್ಲಾಂಟಾದಂತೆಯೇ ಮೊದಲ ೧೩ನ್ನೂ ಗೆದ್ದು ಊರನ್ನು ಹುಚ್ಚೆಬ್ಬಿಸಿತು. ಮೇ ತಿಂಗಳಲ್ಲಿ ಸತತವಾಗಿ ೧೨ ಸೋತು, ಕೊನೆಗೆ ತನ್ನ ವಿಭಾಗದಲ್ಲಿ ಮೂರನೆಯದಾಗಿ ಉಳಿಯಿತು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. “ಏಪ್ರಿಲ್ ಮುಖ್ಯವೆಂದೂ ಹೇಳುತ್ತೀರಿ, ಅದನ್ನು ನಂಬಬೇಡಿರೆಂದೂ ಹೇಳುತ್ತೀರಿ, ಇದು ಪರಸ್ಪರ ವಿರೋಧವಲ್ಲವೆ?” ಅಲ್ಲ. ಲೆಕ್ಕ ಬೇರೆ, ತೀರ್ಪು ಬೇರೆ. ಮೊದಲ ತಿಂಗಳ ಆಟ ಲೆಕ್ಕಕ್ಕೆ ಪೂರ್ಣವಾಗಿ ಸೇರುತ್ತದೆ. ತೀರ್ಪಿಗೆ ಮಾತ್ರ ಸಾಲದು. ಅಂಗಡಿಯವನು ಬೆಳಗಿನ ಮೊದಲ ವ್ಯಾಪಾರದ ಹಣವನ್ನು ಪೆಟ್ಟಿಗೆಗೆ ಹಾಕುತ್ತಾನೆ. ಅದೊಂದರಿಂದಲೇ ವರ್ಷದ ಲಾಭನಷ್ಟವನ್ನು ಸಾರುವುದಿಲ್ಲ. ಮೊದಲ ವ್ಯಾಪಾರವೆಂದು ಹಣವನ್ನು ಬೀದಿಗೆ ಎಸೆಯುವುದೂ ಇಲ್ಲ. ನಮ್ಮ ಪ್ರತಿಪಕ್ಷಿಗಳಲ್ಲಿ ಒಬ್ಬರು ಹಣವನ್ನು ಎಸೆಯುವವರು, ಮತ್ತೊಬ್ಬರು ಒಂದು ಕಾಸಿನಿಂದ ದಿವಾಳಿ ಸಾರುವವರು. ಇಬ್ಬರಿಗೂ ಸಮಾನವಾದ ದೋಷವೊಂದುಂಟು: ಎದುರಿಗೆ ನಡೆಯುತ್ತಿರುವ ಆಟವನ್ನು ನೋಡುವ ಶ್ರಮ ಇಬ್ಬರಿಗೂ ಬೇಡ.

ಇದು ಬರಿಯ ತರ್ಕದ ವಿನೋದವೆಂದು ಯಾರಾದರೂ ಭಾವಿಸಿದರೆ, ಈ ಮತಗಳ ಫಲವೇನಾಯಿತೆಂಬುದನ್ನು ನೋಡಲಿ. “ಏಪ್ರಿಲ್ ಲೆಕ್ಕಕ್ಕಿಲ್ಲ” ಎಂಬ ಮಾತನ್ನು ಪ್ರೇಕ್ಷಕನು ಆಲಸ್ಯದಿಂದ ಹೇಳಿದರೆ, ತಂಡದ ಒಡೆಯನು ಅದನ್ನು ಲಾಭಕ್ಕಾಗಿ ಬಳಸಿಕೊಳ್ಳುತ್ತಾನೆ. ಅಲ್ಲಿಯ ನಿಯಮದಂತೆ ಆಟಗಾರನೊಬ್ಬನು ೧೭೨ ದಿನ ತಂಡದಲ್ಲಿದ್ದರೆ ಅವನಿಗೆ ಒಂದು ವರ್ಷದ ಸೇವೆ ಸಲ್ಲುತ್ತದೆ. ಹಾಗೆ ಆರು ವರ್ಷ ತುಂಬಿದ ಮೇಲೆ ಅವನು ಸ್ವತಂತ್ರನಾಗಿ ತನಗೆ ಬೇಕಾದ ತಂಡದೊಡನೆ ವೇತನವನ್ನು ಗೊತ್ತುಮಾಡಿಕೊಳ್ಳಬಹುದು. ಋತುವಿನ ಒಟ್ಟು ದಿನಗಳು ೧೮೦ನ್ನು ಮೀರುತ್ತವೆ. ಆದುದರಿಂದ ಪ್ರತಿಭಾವಂತನಾದ ತರುಣನನ್ನು ಏಪ್ರಿಲಿನ ಎರಡು ವಾರ ಕೆಳಗಿನ ಅಭ್ಯಾಸ ತಂಡದಲ್ಲಿ ನಿಲ್ಲಿಸಿಟ್ಟರೆ, ಒಡೆಯನಿಗೆ ಅವನ ದುಡಿಮೆ ಇನ್ನೊಂದು ವರ್ಷ ಕೈವಶವಾಗುತ್ತದೆ. ೨೦೧೫ರಲ್ಲಿ ಚಿಕಾಗೋ ಕಬ್ಸ್ ತಂಡ ಕ್ರಿಸ್ ಬ್ರಯಂಟ್ ಎಂಬ ಆಟಗಾರನನ್ನು ಏಪ್ರಿಲ್ ೧೭ರಂದು ಕರೆಸಿಕೊಂಡಿತು. ವರ್ಷದ ಕೊನೆಗೆ ಅವನಿಗೆ ಸಂದ ದಿನಗಳು ೧೭೧. ಒಂದೇ ದಿನ ಕಡಮೆ! ಅವನಿಗೆ ಕಲಿಯುವುದು ಇನ್ನೂ ಇತ್ತೆಂದು ತಂಡದವರು ಸಮಾಧಾನ ಹೇಳಿದರು. ಆ ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಗೌರವ ಅವನಿಗೇ ಬಂದಿತು. ಅವನ ಪರವಾಗಿ ಸಲ್ಲಿಸಿದ ದೂರು ೨೦೨೦ರಲ್ಲಿ ತಿರಸ್ಕೃತವಾಯಿತು.

ನಿಯಮಕ್ಕೆ ವಿರುದ್ಧವಲ್ಲದ್ದೆಲ್ಲ ನ್ಯಾಯವಾಗುವುದಿಲ್ಲ. ಆ ಎರಡು ವಾರಗಳ ಆಟಕ್ಕೆ ಹಣ ಕೊಟ್ಟು ಬಂದ ಪ್ರೇಕ್ಷಕನಿಗೆ, ತಂಡದ ಪೂರ್ಣಶಕ್ತಿಯನ್ನು ನೋಡುವ ಹಕ್ಕಿರಲಿಲ್ಲವೆ? “ಏಪ್ರಿಲ್ ತಾನೆ” ಎಂದು ಅವನೇ ಹೇಳುತ್ತಿದ್ದರೆ ಅವನ ಪರವಾಗಿ ವಾದಿಸುವವರು ಯಾರು? ೨೦೨೨ರಲ್ಲಿ ಒಡೆಯರೂ ಆಟಗಾರರೂ ಮಾಡಿಕೊಂಡ ಒಪ್ಪಂದ ಈ ದೋಷವನ್ನು ಸ್ವಲ್ಪ ತಿದ್ದಿತು: ಶ್ರೇಷ್ಠ ಹೊಸ ಆಟಗಾರನ ಆಯ್ಕೆಯಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ, ತಡವಾಗಿ ಕರೆಸಿದ್ದರೂ, ಪೂರ್ತಿ ವರ್ಷದ ಸೇವೆ ಸಲ್ಲುವಂತಾಯಿತು. ಏಪ್ರಿಲಿಗೆ ಬೆಲೆಯುಂಟೆಂದು ಒಡೆಯರೇ ಹೀಗೆ ಒಪ್ಪಿಕೊಂಡಂತಾಯಿತು. ಅಭಿಮಾನಿಗಳಲ್ಲಿ ಕೆಲವರು ಮಾತ್ರ ಇನ್ನೂ ಒಪ್ಪಿಕೊಂಡಿಲ್ಲ.

ಎರಡನೆಯ ಮತದ ಫಲಕ್ಕೆ ೧೯೮೮ರ ಬಾಲ್ಟಿಮೋರ್ ಸಾಕ್ಷಿ. ಆ ನಗರದ ಓರಿಯೋಲ್ಸ್ ತಂಡ ಮೊದಲ ಆರು ಪಂದ್ಯಗಳನ್ನು ಸೋತೊಡನೆ ಮ್ಯಾನೇಜರನಾದ ಹಿರಿಯ ಕ್ಯಾಲ್ ರಿಪ್ಕನ್‌ನನ್ನು ತೆಗೆದುಹಾಕಿದರು. ಆರು ಪಂದ್ಯ! ೧೬೨ರಲ್ಲಿ ಆರು! ಫಲವೇನು? ಅವನ ಸ್ಥಾನಕ್ಕೆ ಫ್ರ್ಯಾಂಕ್ ರಾಬಿನ್ಸನ್ ಬಂದ ಮೇಲೆ ತಂಡ ಇನ್ನೂ ೧೫ ಪಂದ್ಯಗಳನ್ನು ಸತತವಾಗಿ ಸೋತು, ಒಟ್ಟು ೨೧ ಸೋಲಿನ ದಾಖಲೆಯನ್ನು ಸ್ಥಾಪಿಸಿತು. ತಂಡದ ಕಾಯಿಲೆ ಮ್ಯಾನೇಜರನ ಕುರ್ಚಿಯಲ್ಲಿರಲಿಲ್ಲ. ಬಲಿಯೊಂದು ಬೇಕಾಗಿತ್ತು, ಕೊಟ್ಟರು. ಆ ವರ್ಷ ೧೦೭ ಪಂದ್ಯಗಳನ್ನು ಸೋತ ಅದೇ ತಂಡ ಮರುವರ್ಷ ಅದೇ ರಾಬಿನ್ಸನ್ನನ ಕೈಕೆಳಗೆ ೮೭ನ್ನು ಗೆದ್ದಿತು. ೨೧ ಸೋಲುಗಳ ಮೇಲೆ ತೀರ್ಪು ಹೇಳಿ ರಾಬಿನ್ಸನ್ನನನ್ನೂ ತೆಗೆದಿದ್ದರೆ?

ಆದರೆ ಆ ಕಾಲದ ಬಾಲ್ಟಿಮೋರಿನಲ್ಲಿಯೇ ನಿಜವಾದ ಅಭಿಮಾನ ಹೇಗಿರುತ್ತದೆಂಬುದೂ ಕಂಡುಬಂದಿತು. ಒಂದು ಗೆಲವು, ೨೩ ಸೋಲುಗಳನ್ನು ಹೊತ್ತು ತಂಡ ಊರಿಗೆ ಮರಳಿದಾಗ, ಮೇ ೨ರ ರಾತ್ರಿ, ೫೦,೪೦೨ ಜನರು ಕ್ರೀಡಾಂಗಣಕ್ಕೆ ಬಂದರು. ಇವರು ಸೋಲನ್ನು ಗೆಲವೆಂದು ಭ್ರಮಿಸಿದವರಲ್ಲ. ಇಪ್ಪತ್ತಮೂರನ್ನು ಬೆರಳು ಮಡಿಸಿ ಎಣಿಸಿದವರು. ಆದರೂ ತಮ್ಮ ಊರಿನ ಆಟಗಾರರನ್ನು ಹತ್ತಿರದಿಂದ ನೋಡಬೇಕೆಂದು ಬಂದರು. ಲೆಕ್ಕವನ್ನು ಮರೆಯದೆ ತೀರ್ಪಿಗೆ ಆತುರಪಡದೆ ಇರುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಾಗಿಲ್ಲ.

ಕೊನೆಯದಾಗಿ, ಏಪ್ರಿಲನ್ನು ತುಚ್ಛವಾಗಿ ಕಾಣುವವರು ೧೯೪೭ನೆಯ ವರ್ಷದ ಏಪ್ರಿಲ್ ೧೫ನ್ನು ನೆನೆಯಲಿ. ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಕಪ್ಪು ಜನರನ್ನು ಹೊರಗಿಟ್ಟಿದ್ದ ಆ ಆಟದ ಬಾಗಿಲನ್ನು ದಾಟಿ, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಅಂದು ಮೊದಲ ಬಾರಿಗೆ ಅಂಗಣಕ್ಕಿಳಿದನು. ಅವನ ಹೊಡೆತಗಳಲ್ಲಿ ಒಂದೂ ಅಂದು ಸಫಲವಾಗಲಿಲ್ಲ. ಆತುರಗಾರನು ಅವನನ್ನು ಆ ಸಂಜೆಯೇ ತೆಗೆದುಹಾಕುತ್ತಿದ್ದನು. ಆಲಸಿಯು ಆ ಪಂದ್ಯಕ್ಕೆ ಹೋಗುತ್ತಲೇ ಇರಲಿಲ್ಲ. ಇಂದು ಪ್ರತಿ ವರ್ಷವೂ ಆ ದಿನದಂದು ಎಲ್ಲ ತಂಡಗಳ ಎಲ್ಲ ಆಟಗಾರರೂ ಅವನ ೪೨ನೆಯ ಸಂಖ್ಯೆಯನ್ನು ಧರಿಸಿ ಆಡುತ್ತಾರೆ. ಅಂದು ಬ್ರೂಕ್ಲಿನ್ನಿನ ಅಂಗಣದಲ್ಲಿ ಕುಳಿತಿದ್ದವರು ಋತುವಿನ ಮೊಟ್ಟಮೊದಲ ಪಂದ್ಯವನ್ನು ನೋಡಲು ಬಂದಿದ್ದವರು. ಅವರಂತೆ ಬರುವವರು ಇರುವವರೆಗೆ, ಆಟ ಒಡೆಯರ ಸೊತ್ತೂ ಆಗದು, ಆತುರಗಾರರ ಆಹಾರವೂ ಆಗದು.