ಹತ್ತಿಗಾಗಿ ಹಚ್ಚಿದ ದೀಪ

ನಮ್ಮ ಸರಗೂರು ಕಡೆ ದೀಪಸ್ತಂಭ ಅಂದ್ರೆ ದೇವಸ್ಥಾನದ ಮುಂದಿನ ಕಲ್ಲುಕಂಬ. ಕಾರ್ತಿಕದಲ್ಲಿ ಅದಕ್ಕೆ ಎಣ್ಣೆ, ಬತ್ತಿ. ಉಳಿದ ಹನ್ನೊಂದು ತಿಂಗಳು ಕಾಗೆಗಳ ಪಾಲು. ಸಮುದ್ರ ಹೇಗಿರುತ್ತೆ ಅಂತ ಚಿಕ್ಕವರಿದ್ದಾಗ ಕೇಳಿದ್ರೆ ದೊಡ್ಡವರು ಕಬಿನಿ ಹಿನ್ನೀರು ತೋರಿಸಿ, ‘ಇದರ ಆಚೆ ದಡ ಕಾಣದೇ ಇದ್ರೆ ಹೆಂಗೋ ಹಂಗೆ’ ಅನ್ನೋರು. ಅಂಥ ಊರಿನವನು ಲೈಟ್‌ಹೌಸ್ ಬಗ್ಗೆ ಯಾಕೆ ಬರೀತಿದಾನೆ ಅಂದ್ರೆ, ಅದಕ್ಕೆ ಕಾರಣ ಹತ್ತಿ. ಸ್ವಲ್ಪ ತಾಳಿ, ಅಲ್ಲಿಗೆ ಬರ್ತೀನಿ.

ನಮ್ಮ ಪ್ರಾಜೆಕ್ಟಿನಲ್ಲಿರೋ ಜಪಾನಿನ ಸಹೋದ್ಯೋಗಿಯೊಬ್ಬರು ವಾರಾಂತ್ಯದಲ್ಲಿ ಅಲ್ಲಿನ ಯಾವುದೋ ಪುಟ್ಟ ದ್ವೀಪಕ್ಕೆ ಹೋಗಿ, ಹಳೇ ದೀಪಸ್ತಂಭ ನೋಡಿಕೊಂಡು ಬಂದು ಚಾಟ್‌ನಲ್ಲಿ ಫೋಟೋ ಹಾಕಿದ್ರು. ಅವರ ದೇಶದಲ್ಲಿ ಇದಕ್ಕೆ ದೊಡ್ಡ ಇತಿಹಾಸವೇ ಇದೆ. ಸ್ಕಾಟ್ಲೆಂಡಿನ ರಿಚರ್ಡ್ ಹೆನ್ರಿ ಬ್ರಂಟನ್ ಎಂಬ ಎಂಜಿನಿಯರ್ 1868ರಲ್ಲಿ ಜಪಾನಿಗೆ ಹೋಗಿ ಒಂದರ ಹಿಂದೆ ಒಂದರಂತೆ 26 ದೀಪಸ್ತಂಭ ಕಟ್ಟಿಸಿದ. ಊರೂರು ವರ್ಗವಾಗಿ ಹೋಗುವ ದೀಪ ಕಾಯುವ ದಂಪತಿಯ ಕಥೆ ಹೇಳೋ ಸಿನಿಮಾವನ್ನು ಕೆಯಿಸುಕೆ ಕಿನೊಶಿತಾ 1957ರಲ್ಲಿ ಮಾಡಿದ್ರು. ಕೊನೆಯದಾಗಿ ಸಿಬ್ಬಂದಿ ಉಳಿದಿದ್ದ ಮೆಶಿಮಾ ದ್ವೀಪದ ದೀಪವೂ 2006ರಲ್ಲಿ ಸ್ವಯಂಚಾಲಿತವಾಯ್ತು. ಅಂದಹಾಗೆ ನಮ್ಮ ‘ದೀಪದ ಬುಡದಲ್ಲಿ ಕತ್ತಲು’ ಗಾದೆ ಜಪಾನಿಯಲ್ಲೂ ಹಾಗೇ ಇದೆಯಂತೆ. ಇದನ್ನ ಹೇಳಿ ಆ ಪುಣ್ಯಾತ್ಮರು, ‘ನಿಮ್ಮಲ್ಲೂ ಇಂಥವು ಇವೆಯಾ?’ ಅಂತ ಕೇಳಿದ್ರು. ನಿಜವಾಗಿಯೂ ಬುಡದಲ್ಲೇ ಕತ್ತಲು ನೋಡಿ, ಹುಡುಕಿ ಹೇಳಬೇಕಾಯ್ತು.

ಇದೆ. ಕಾರವಾರದ ಎದುರಿಗೆ ಸಮುದ್ರದಲ್ಲಿ ದೇವಗಡ ಅಂತ ಒಂದು ದ್ವೀಪ. ಇಂಗ್ಲಿಷಿನವರು ಇಟ್ಟ ಹೆಸರು ಆಯ್‌ಸ್ಟರ್ ರಾಕ್. ಅದರ ನೆತ್ತಿಯ ಮೇಲಿರೋ ಕಲ್ಲಿನ ದೀಪಸ್ತಂಭ 1864ರದ್ದು. ಅಂದ್ರೆ ಬ್ರಂಟನ್ ಸಾಹೇಬ ಜಪಾನಿನ ನೆಲ ಮೆಟ್ಟುವ ನಾಲ್ಕು ವರ್ಷ ಮೊದಲೇ ನಮ್ಮ ಉತ್ತರ ಕನ್ನಡದ ದೀಪ ಉರೀತಾ ಇತ್ತು.

ಈಗ ಹತ್ತಿಯ ವಿಷಯ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅಲ್ಲಿಂದ ಬರ್ತಿದ್ದ ಹತ್ತಿ ನಿಂತೋಯ್ತು. ಗಿರಣಿ ಮಾಲೀಕರ ಕಣ್ಣು ಧಾರವಾಡದ ಕಡೆ ತಿರುಗಿತು. ಧಾರವಾಡದ ಹತ್ತಿ ಅಲ್ಲೀವರೆಗೆ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತುತ್ತಿತ್ತು. ಎಷ್ಟರಮಟ್ಟಿಗೆ ಅಂದ್ರೆ ವಿಲಾಯಿತಿ ಮಾರುಕಟ್ಟೆಯಲ್ಲಿ ಆ ಹತ್ತಿಗೆ ‘ಕುಮಟಾ’ ಅಂತಲೇ ಹೆಸರು. ಆದರೆ ಕುಮಟಾ ಬಟಾಬಯಲು ಕಡಲು, ಹಡಗಿಗೆ ಮರೆ ಇಲ್ಲ. ಕಾರವಾರದಲ್ಲಿ ಹಾಗಲ್ಲ: ಒಂದು ಕಡೆ ಗುಡ್ಡ ಸಮುದ್ರದೊಳಕ್ಕೆ ಚಾಚಿಕೊಂಡಿದೆ, ಎದುರಿಗೆ ದ್ವೀಪಗಳ ಸಾಲು. ಇಲ್ಲೊಂದು ದೊಡ್ಡ ಬಂದರು ಮಾಡೋಣ ಅಂತ ಮ್ಯಾಂಚೆಸ್ಟರಿನವರು ಸರ್ಕಾರದ ಬೆನ್ನು ಬಿದ್ದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕಾಚಾರ ಇತ್ತು. ಘಟ್ಟಕ್ಕೆ ರಸ್ತೆ, ಕಾರವಾರಕ್ಕೆ ಕಚೇರಿಗಳು, ದೇವಗಡದ ಮೇಲೆ ದೀಪ, ಎಲ್ಲ ಒಂದೇ ಉತ್ಸಾಹದ ಕಾಲದವು.

ಎಲ್ಲೋ ಅಮೆರಿಕದಲ್ಲಿ ಗುಂಡು ಹಾರಿದ್ರೆ ಇಲ್ಲಿ ಜಿಲ್ಲೆಯ ಗಡಿ ಬದಲಾಗುತ್ತೆ. ನಮ್ಮ ಸರಗೂರು, ಎಚ್.ಡಿ. ಕೋಟೆ ಹೊಲಗಳಲ್ಲಿ ಹತ್ತಿ ಬಿಡಿಸೋ ಹೊತ್ತಿಗೆ ‘ಈ ಸಲ ರೇಟು ಯಾಕೆ ಬಿತ್ತು’ ಅಂತ ಯಾರೂ ಯಾರಿಗೂ ಉತ್ತರ ಹೇಳಲ್ಲವಲ್ಲ, ಆ ಉತ್ತರಗಳೆಲ್ಲ ಇಂಥ ದೂರದ ಜಾಗಗಳಲ್ಲೇ ಇರ್ತವೆ. ಹತ್ತಿ ಬೆಳೆಯೋರ ಮನೆಯಲ್ಲಿ ಹುಟ್ಟಿದವನಿಗೆ ಈ ದೀಪದ ಕಥೆ ಓದಿದಾಗ ಬೇರೆಯವರದು ಅಂತ ಅನ್ನಿಸಲಿಲ್ಲ.

ಮುಂದೇನಾಯ್ತು? 1865ಕ್ಕೆ ಅಮೆರಿಕದ ಯುದ್ಧ ಮುಗೀತು, ಹತ್ತಿಯ ಬೆಲೆ ಕುಸೀತು. ಕಾರವಾರಕ್ಕೆ ರೈಲು ಬರುತ್ತೆ ಬರುತ್ತೆ ಅಂತ ಕಾದರು. 1880ರ ದಶಕದಲ್ಲಿ ರೈಲು ಹೋಗಿದ್ದು ಗೋವಾದ ಮುರ್ಮುಗಾವ್ ಬಂದರಿಗೆ. ಸರಕೂ ಅದರ ಹಿಂದೆ ಹೋಯ್ತು. ಕಾರವಾರ ರೈಲು ಕಾಣೋಕೆ ಕೊಂಕಣ ರೈಲ್ವೆಯವರೆಗೆ ಕಾಯಬೇಕಾಯ್ತು. ಹುಬ್ಬಳ್ಳಿಯಿಂದ ಅಂಕೋಲೆಗೆ ಘಟ್ಟ ಇಳಿಯಬೇಕಾದ ಹಳಿ ಇವತ್ತಿಗೂ ಕಾಗದದ ಮೇಲೇ ಇದೆ. ಮ್ಯಾಂಚೆಸ್ಟರಿನವರು ಕಂಡ ಬಂದರು ಆಗಲೇ ಇಲ್ಲ. ಅದೇ 1880ರ ದಶಕದ ಆರಂಭದಲ್ಲಿ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರನಾಥ ಟಾಗೋರರು ಬಂದು ತಂಗಿದ್ದರು. ಇಲ್ಲೇ ಒಂದು ನಾಟಕವನ್ನೂ ಬರೆದರು. ಕಡಲತೀರಕ್ಕೆ ಅವರ ಹೆಸರಿಟ್ಟಿದ್ದೀವಿ. ಅವರು ಸಂಜೆ ಮರಳಲ್ಲಿ ಓಡಾಡುವಾಗ ಎದುರಿಗೆ ದೇವಗಡದ ದೀಪ ಉರೀತಾ ಇದ್ದಿರಲೇಬೇಕು. ಯಾರಿಗಾಗಿ ಹಚ್ಚಿದ್ದೋ ಆ ಹಡಗುಗಳು ಬರದಿದ್ದರೂ ದೀಪ ಆರಲಿಲ್ಲ.

ನಾನು ಹೋಗಿದ್ದು ಜನವರಿಯಲ್ಲಿ, ಕಾರವಾರದ ಗೆಳೆಯನ ಪರಿಚಯದ ದೋಣಿಯಲ್ಲಿ. ದೋಣಿ ನಡೆಸೋರಿಗೆ ಅರವತ್ತರ ಹತ್ತಿರ ವಯಸ್ಸು. ಮಗನ ಜೊತೆ ಕೊಂಕಣಿ, ನನ್ನ ಜೊತೆ ಕನ್ನಡ. ಕೋಡಿಬಾಗದಿಂದ ಕಾಳಿ ನದಿಯ ಬಾಯಿ ದಾಟಿ, ಕುರ್ಮಗಡವನ್ನು ಬಲಕ್ಕೆ ಬಿಟ್ಟು ಹೊರಟೆವು. ಎಡಕ್ಕೆ ದೂರದಲ್ಲಿ ಅಂಜದೀವ್. ಆ ಕಡೆಯೆಲ್ಲ ಐಎನ್‌ಎಸ್ ಕದಂಬ ನೌಕಾನೆಲೆಯ ಪಹರೆ, ಸುಳಿಯೋ ಹಾಗಿಲ್ಲ. ಹತ್ತೋ ಮೊದಲೇ ಯಜಮಾನರು ಲೈಫ್ ಜಾಕೆಟ್ ಕೊಟ್ಟು, ಪಟ್ಟಿ ಬಿಗಿಯಾಗಿದೆಯಾ ಅಂತ ತಾವೇ ಎಳೆದು ನೋಡಿದ್ರು. ಯಾಕೆ ಅಷ್ಟು ಕಟ್ಟುನಿಟ್ಟು ಅಂತ ಕೇಳೋ ಹಾಗಿರಲಿಲ್ಲ. 2019ರ ಜನವರಿ 21ರಂದು ಇದೇ ನೀರಿನಲ್ಲಿ, ಕುರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡಿದ್ದರು. ಅವರಲ್ಲಿ ಹಲವರು ಹಾವೇರಿ ಕಡೆಯವರು, ನನ್ನ ಹಾಗೇ ಘಟ್ಟದ ಮೇಲಿನ ಜನ.

ದ್ವೀಪ ಹತ್ತಿರವಾದಂತೆ ದೋಣಿ ಏಳೋದು ಬೀಳೋದು ಜಾಸ್ತಿಯಾಯ್ತು. ಇಳಿಯೋಕೆ ಅನುಮತಿ ಬೇಕು, ಅದು ಗೊತ್ತಿತ್ತು. ‘ಕಾಗದ ಇದ್ರೂ ಇವತ್ತು ಇಳೀಲಿಕ್ಕೆ ಆಗೂದಿಲ್ಲ ಸರ್. ಕಲ್ಲಿಗೆ ದೋಣಿ ಹಚ್ಚಿದ್ರೆ ನೀರು ಎತ್ತಿ ಒಗೀತದೆ. ಸುತ್ತು ಹಾಕಿಸ್ತೇನೆ, ನೋಡಿ’ ಅಂದ್ರು ಯಜಮಾನರು. ಸುತ್ತು ಹಾಕಿದ್ವಿ. ಕಪ್ಪು ಬಂಡೆ, ಅದರ ಮೇಲೆ ಒತ್ತಾದ ಹಸಿರು, ಎಲ್ಲದರ ಮೇಲೆ ಗೋಪುರ. ಇಳಿಯೋಕೆ ಆಗದಿದ್ದದ್ದೇ ಒಂದು ಪಾಠವಾಯ್ತು. ಜನವರಿಯ ಶಾಂತ ಸಮುದ್ರದಲ್ಲೇ ಹೀಗಾದ್ರೆ, ಎಂಜಿನ್ ಇಲ್ಲದ ಕಾಲದಲ್ಲಿ, ಆಷಾಢದಲ್ಲಿ ಇಲ್ಲಿ ದೀಪ ಕಾಯೋರಿಗೆ ಅಕ್ಕಿ, ಎಣ್ಣೆ ಹೇಗೆ ಮುಟ್ಟುತ್ತಿತ್ತು? ಅವರಲ್ಲಿ ಯಾರಿಗಾದರೂ ರಾತ್ರಿ ಜ್ವರ ಬಂದ್ರೆ? ನಮಗೆ ತಿಂಗಳಿಗೊಂದು ವಾರ ಆನ್‌ಕಾಲ್ ಬಂದ್ರೇ ಮುಖ ಹುಳ್ಳಗಾಗುತ್ತೆ. ಹಳೇ ಕಾಲದ ದೀಪದವರು ಸಂಜೆ ಬತ್ತಿ ಹಚ್ಚಿ, ರಾತ್ರಿ ಪಾಳಿಯಲ್ಲಿ ಎದ್ದು ಎಣ್ಣೆ ನೋಡಿ, ಬೆಳಿಗ್ಗೆ ಗಾಜಿನ ಮಸಿ ಒರೆಸಿ, ದಿನಚರಿ ಪುಸ್ತಕದಲ್ಲಿ ಬರೆದಿಡಬೇಕಿತ್ತು. ತಿರುಗುವ ದೀಪವಾದ್ರೆ ಗೋಡೆ ಗಡಿಯಾರಕ್ಕೆ ಕೀ ಕೊಟ್ಟ ಹಾಗೆ ಭಾರದ ಗುಂಡನ್ನು ಮತ್ತೆ ಮತ್ತೆ ಮೇಲಕ್ಕೆ ಸುತ್ತೋ ಕೆಲಸ ಬೇರೆ.

ಇಷ್ಟು ದೂರ ಬೆಳಕು ಹೇಗೆ ಹೋಗುತ್ತೆ ಅನ್ನೋದು ಲೆಕ್ಕ ಇಷ್ಟಪಡೋರಿಗೆ ಚೆನ್ನಾಗಿದೆ. ಭೂಮಿ ಗುಂಡಗಿರೋದ್ರಿಂದ ದೀಪ ಎಷ್ಟೇ ಪ್ರಖರವಾಗಿದ್ದರೂ ಎತ್ತರ ಇಲ್ಲದಿದ್ರೆ ದಿಗಂತದ ಕೆಳಗೆ ಮುಳುಗಿಹೋಗುತ್ತೆ. ಎತ್ತರವನ್ನು ಮೀಟರಿನಲ್ಲಿ ತಗೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತೆ. ಹಳೇ ಗೆಜೆಟಿಯರ್ ಪ್ರಕಾರ ದೇವಗಡದ ದೀಪ ಸಮುದ್ರಮಟ್ಟದಿಂದ 210 ಅಡಿ ಎತ್ತರ, ಅಂದ್ರೆ 64 ಮೀಟರ್. ವರ್ಗಮೂಲ 8. ಗುಣಿಸಿದ್ರೆ 28 ಕಿಲೋಮೀಟರ್ ಚಿಲ್ಲರೆ. ಹಡಗಿನ ಮೇಲೆ ನಿಂತವನ ಕಣ್ಣು ನೀರಿನಿಂದ 4 ಮೀಟರ್ ಮೇಲಿದ್ರೆ ಇನ್ನೊಂದು 7 ಸೇರಿಸಿ. ದ್ವೀಪವೇ ಪುಕ್ಕಟೆಯಾಗಿ ಎತ್ತರ ಕೊಟ್ಟಿದ್ದರಿಂದ ಗೋಪುರವನ್ನ ಆಕಾಶಕ್ಕೆ ಕಟ್ಟೋ ಖರ್ಚು ಉಳೀತು.

ಉಳಿದ ಕೆಲಸ ಮಸೂರದ್ದು. ಬರೀ ದೀಪ ಇಟ್ರೆ ಬೆಳಕು ಮೇಲಕ್ಕೆ, ಕೆಳಕ್ಕೆ ಎಲ್ಲಾ ಕಡೆ ಚೆಲ್ಲಿಹೋಗುತ್ತೆ. ಫ್ರಾನ್ಸಿನ ಫ್ರೆನೆಲ್ ಅನ್ನೋ ವಿಜ್ಞಾನಿ ದಪ್ಪ ಗಾಜಿನ ಮಸೂರವನ್ನು ಉಂಗುರ ಉಂಗುರವಾಗಿ ಕತ್ತರಿಸಿ ಜೋಡಿಸಿದ. ಚೆಲ್ಲುವ ಬೆಳಕೆಲ್ಲ ದಿಗಂತದ ಕಡೆಗೆ ಮಡಚಿಕೊಂಡಿತು. 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಅದು ಮೊದಲು ಬೆಳಗಿತು. ಕಾರಿನ ಹೆಡ್‌ಲೈಟಿನ ಗಾಜಿನಲ್ಲಿ ಗೆರೆಗೆರೆ ನೋಡಿದ್ದೀರಲ್ಲ, ಅದು ಇದರದ್ದೇ ವಂಶ.

ಇದನ್ನೆಲ್ಲ ಒಳಗಿಂದ ನೋಡೋ ಆಸೆ ಇರೋರು ಕಾಪುವಿಗೆ ಹೋಗಬೇಕು. ನಾನೂ ವಾಪಸ್ ಬರುವಾಗ ಉಡುಪಿ ದಾಟಿ ಅಲ್ಲಿ ಇಳಿದೆ. 1901ರ ದೀಪಸ್ತಂಭ, ಸುಮಾರು 27 ಮೀಟರ್, ಕಡಲಂಚಿನ ದೊಡ್ಡ ಬಂಡೆಯ ನೆತ್ತಿಯ ಮೇಲಿದೆ. ಸಂಜೆ ಹೊತ್ತು ಟಿಕೆಟ್ ತಗೊಂಡು ಸುರುಳಿ ಮೆಟ್ಟಿಲು ಹತ್ತಬಹುದು. ಮೇಲೆ ಗಾಳಿಗೆ ಮಾತು ಕೇಳಿಸಲ್ಲ. ಎಲ್ಲರೂ ಸೂರ್ಯಾಸ್ತಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೀತಿರ್ತಾರೆ. ಅದೂ ಸರಿ ಬಿಡಿ, ಬಂದಿದ್ದಾರಲ್ಲ.

ಕಾರವಾರದ ದೋಣಿಗೆ ಮರಳಿ ಹೋಗೋಣ. ವಾಪಸ್ ಬರೋ ಹೊತ್ತಿಗೆ ಕತ್ತಲಾಗುತ್ತಿತ್ತು, ಹಿಂದೆ ದೇವಗಡದಲ್ಲಿ ದೀಪ ಮಿನುಗೋಕೆ ಶುರುವಾಯ್ತು. ನಾನು ಕೇಳಿದೆ: ‘ಯಜಮಾನ್ರೇ, ಈಗ ಎಲ್ಲರ ಹತ್ರ ಜಿಪಿಎಸ್ ಇದೆಯಲ್ಲ, ಇದನ್ನ ಯಾರು ನೋಡ್ತಾರೆ?’

ಅವರು ಮಗನ ಕಡೆ ನೋಡಿ ನಕ್ಕರು. ‘ದೊಡ್ಡ ಬೋಟಿನವರಿಗೆ ಎಲ್ಲ ಉಂಟು. ಸಣ್ಣ ದೋಣಿಯವನಿಗೆ ಏನುಂಟು? ಮೊಬೈಲು. ಉಪ್ಪುನೀರು ಬಿತ್ತು, ಸತ್ತೋಯ್ತು. ದೀಪ ಯಾವ ಬದಿಗೆ ಕಾಣ್ತದೆ ಅಂತ ನೋಡ್ಕೊಂಡು ಬಾಯಿ ಹಿಡೀತೇವೆ. ಅಪ್ಪ ಹಾಗೇ ಬರ್ತಿದ್ದ, ನಾನೂ ಹಾಗೇ.’ ಬಾಯಿ ಅಂದ್ರೆ ನದಿಯ ಬಾಯಿ, ಅಂದ್ರೆ ಮನೆ ದಾರಿ. ಪ್ರತಿ ದೀಪಸ್ತಂಭಕ್ಕೂ ಮಿನುಗುವ ಲಯ ಬೇರೆ ಬೇರೆ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಅಂತ ನಾವಿಕರ ಪುಸ್ತಕದಲ್ಲಿ ಅಚ್ಚಾಗಿರುತ್ತೆ. ಇವರಿಗೆ ಪುಸ್ತಕ ಬೇಡ, ಮೈಗೇ ಹತ್ತಿದೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಯಾವುದೋ ಕಾಲದಲ್ಲಿ ಯಾವುದೋ ಗ್ರಾಹಕನಿಗಾಗಿ ಮಾಡಿದ ಹಳೇ ಸರ್ವಿಸ್ ಇನ್ನೂ ಓಡ್ತಿರುತ್ತೆ. ಈಗ ಯಾರು ಬಳಸ್ತಾರೆ ಅಂತ ಯಾರಿಗೂ ಗೊತ್ತಿರಲ್ಲ. ಆಗ ಸುಮ್ಮನೆ ಅದನ್ನ ಆರಿಸಿ ಕೂರೋದು. ಯಾರು ಕಿರುಚ್ತಾರೋ ಅವರೇ ಬಳಕೆದಾರರು. ಇದಕ್ಕೆ ಸ್ಕ್ರೀಮ್ ಟೆಸ್ಟ್ ಅಂತಲೇ ಹೆಸರು. ಆಫೀಸಿನಲ್ಲಿ ಇದು ನಡೆಯುತ್ತೆ, ಹೆಚ್ಚೆಂದ್ರೆ ಒಂದು ಕೋಪದ ಮೇಲ್ ಬರುತ್ತೆ. ದೇವಗಡದಲ್ಲಿ ಈ ಪರೀಕ್ಷೆ ಮಾಡೋಕಾಗಲ್ಲ. ಅಲ್ಲಿ ಕಿರುಚುವವನ ದನಿ ದಡಕ್ಕೆ ಕೇಳಿಸೋದಿಲ್ಲ. ಮ್ಯಾಂಚೆಸ್ಟರಿನ ಲೆಕ್ಕದ ಪುಸ್ತಕದಲ್ಲಿ ಈ ಯಜಮಾನರ ಅಜ್ಜಂದಿರ ಹೆಸರು ಇರಲಿಲ್ಲ. ಹತ್ತಿಯ ಹಡಗಿಗೆ ಹಚ್ಚಿದ ದೀಪವನ್ನು ಅವರು ಕೇಳದೇ ತಮ್ಮದು ಮಾಡಿಕೊಂಡರು, ಈಗ ಅದು ಅವರದ್ದೇ.

ದೊಡ್ಡ ಹಡಗುಗಳಿಗೂ ಇದು ಪೂರ್ತಿ ಹಳೇ ಸಾಮಾನೇನಲ್ಲ. 2025ರ ಮೇ ತಿಂಗಳಲ್ಲಿ ಕೆಂಪು ಸಮುದ್ರದಲ್ಲಿ ಜೆಡ್ಡಾ ಹತ್ತಿರ ಎಂಎಸ್‌ಸಿ ಆಂಟೋನಿಯಾ ಅನ್ನೋ ಕಂಟೇನರ್ ಹಡಗು ನೆಲ ಕಚ್ಚಿತು. ಯಾರೋ ಜಿಪಿಎಸ್ ಸಂಕೇತ ಕೆಡಿಸಿದ್ದರಿಂದ ಹಡಗಿಗೆ ತಾನೆಲ್ಲಿದ್ದೀನಿ ಅನ್ನೋದೇ ತಪ್ಪಾಗಿ ಕಂಡಿತು ಅನ್ನೋ ಅನುಮಾನ. ಉಪಗ್ರಹದ ಸಂಕೇತಕ್ಕೆ ಸುಳ್ಳು ಹೇಳಿಸಬಹುದು. ಕಲ್ಲಿನ ಮೇಲೆ ಕೂತ ದೀಪಕ್ಕೆ ಸುಳ್ಳು ಹೇಳಿಸೋದು ಕಷ್ಟ. ನಮ್ಮ ದೇಶದಲ್ಲೂ 1927ರ ದೀಪಸ್ತಂಭ ಕಾಯ್ದೆ ಹೋಗಿ 2021ರಲ್ಲಿ ಹೊಸ ಕಾಯ್ದೆ ಬಂತು. ಹಳೇ ದೀಪಗಳನ್ನು ಪರಂಪರೆ ಅಂತ ಗುರುತಿಸೋಕೆ, ಪ್ರವಾಸಿಗರಿಗೆ ತೆರೆಯೋಕೆ ಅದರಲ್ಲಿ ದಾರಿ ಇದೆ. ನನ್ನ ಕೇಳಿದ್ರೆ, ಕೆಫೆ ಆಮೇಲೆ ಇಡಲಿ, ಮೊದಲು ದ್ವೀಪದಲ್ಲಿ ದೋಣಿ ಕಟ್ಟೋಕೆ ಭದ್ರವಾದ ಜಾಗ ಮಾಡಲಿ.

ಹೋಗೋರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ, ಆಗಿನ ಸಮುದ್ರವನ್ನು ದಡದಿಂದ ನೋಡಿದ್ರೆ ಸಾಕು. ದೋಣಿಗೆ ಎಷ್ಟು ಜನ ಅಂತ ಮೊದಲೇ ಕೇಳಿ, ಜಾಸ್ತಿ ಹತ್ತಿಸ್ತಿದ್ರೆ ಮುಲಾಜಿಲ್ಲದೆ ಇಳಿದುಬಿಡಿ. ಬಿಸಿಲಾದ್ರೂ, ಫೋಟೋಗೆ ಚೆನ್ನಾಗಿ ಕಾಣದಿದ್ರೂ, ಕೋಡಿಬಾಗದ ದಡಕ್ಕೆ ಕಾಲಿಡೋವರೆಗೆ ಜಾಕೆಟ್ ಬಿಚ್ಚಬೇಡಿ. ಯಜಮಾನರು ನನಗೂ ಬಿಚ್ಚೋಕೆ ಬಿಡಲಿಲ್ಲ.