ಮಣ್ಣನ್ನು ಪರೀಕ್ಷೆಗೆ ಕಳುಹಿಸುವ ಮುನ್ನ

ಈಶ್ವರಮಂಗಲದಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡ ನಮ್ಮ ಬಂಧುಗಳೊಬ್ಬರು ಈಚೆಗೆ ಒಂದು ಪೊಟ್ಟಣವನ್ನು ಹಿಡಿದುಕೊಂಡು ಬಂದರು. ಒಳಗೆ ಒಂದು ಹಿಡಿ ಕೆಂಪು ಮಣ್ಣು. ಶೌಚದ ಇಂಗುಗುಂಡಿಯ ಬದಿಯಿಂದ ಅಗೆದುದಂತೆ. "ಇದರಲ್ಲಿ ವಿಷವಿದೆಯೇ ಎಂದು ಪರೀಕ್ಷೆ ಮಾಡಿಸಿಕೊಡಿ ಭಾವಾ. ಬಾವಿ ಹತ್ತಿರವೇ ಇದೆ, ಮನೆಯಲ್ಲಿ ಎಳೆಯ ಮಗುವಿದೆ" ಎಂದರು.

ಅವರ ಭಯ ನಿರಾಧಾರವಾದುದಲ್ಲ. ಗಡಿಯಾಚೆ, ಕಾಸರಗೋಡು ಜಿಲ್ಲೆಯ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನೆಲ್ಲ ನಿಷೇಧಿಸಿತು. ಮಿಂಚಿನಪದವಿನ ತೋಟದ ಪಾಳುಬಾವಿಯಲ್ಲಿ ಉಳಿದ ವಿಷವನ್ನು ಹೂಳಲಾಗಿದೆಯೆಂಬ ದೂರಿನ ಮೇಲೆ, 2023ರ ಕೊನೆಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಅಲ್ಲಿಗೆ ಬರಬೇಕಾಯಿತು. ಇಂಥ ಸುದ್ದಿಯ ನೆರೆಯಲ್ಲಿ ವಾಸಿಸುವವರು ಕಾಲಕೆಳಗಿನ ಮಣ್ಣನ್ನು ಸಂಶಯದಿಂದ ನೋಡಿದರೆ ಅಚ್ಚರಿಯೇನು?

ಆದರೆ "ವಿಷವಿದೆಯೇ" ಎಂಬ ಪ್ರಶ್ನೆಗೆ ಒಂದು ಹಿಡಿ ಮಣ್ಣು ಉತ್ತರ ಹೇಳಲಾರದು. ಪ್ರಯೋಗಶಾಲೆಯು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ರೈತರಿಗೆ ಕೊಡುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸಾರಜನಕ, ರಂಜಕ, ಹುಳಿ ಮುಂತಾದ 12 ಅಂಶಗಳಿರುತ್ತವೆ. ಕೀಟನಾಶಕದ ಹೆಸರೇ ಇರುವುದಿಲ್ಲ. ಅದನ್ನು ಹುಡುಕುವ ಪರೀಕ್ಷೆಯೇ ಬೇರೆ, ಖರ್ಚೂ ಬೇರೆ. ಆದುದರಿಂದ ಮೊದಲು ಗುಂಡಿಗೆ ಏನೇನು ಸುರಿದಿದ್ದೇವೆ ಎಂಬುದನ್ನು ಮನೆಯವರೇ ನೆನಪು ಮಾಡಿಕೊಳ್ಳಬೇಕು: ಬಣ್ಣದ ಡಬ್ಬಿ ತೊಳೆದ ನೀರೇ, ಹಳೆಯ ಬ್ಯಾಟರಿಯ ಆಮ್ಲವೇ, ಸಿಂಪಡಿಸಿ ಉಳಿದ ಔಷಧಿಯೇ? ಆ ಪಟ್ಟಿಯಂತೆ ಪರೀಕ್ಷೆಯನ್ನು ಕೇಳಬೇಕು.

ಎರಡನೆಯದಾಗಿ, ಹೋಲಿಕೆಯ ಮಣ್ಣು ಬೇಕು. ಅಡಿಕೆಯ ಕೊಳೆರೋಗಕ್ಕೆ ಪ್ರತಿ ಮಳೆಗಾಲವೂ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಹೊಡೆಯುವ ನಾಡು ನಮ್ಮದು. ಅದರ ತಾಮ್ರ ತೋಟದ ಮೇಲ್ಮಣ್ಣಿನಲ್ಲಿ ವರ್ಷವರ್ಷವೂ ಶೇಖರವಾಗುತ್ತದೆ. ಗುಂಡಿಯ ಬದಿಯಲ್ಲಿ ತಾಮ್ರ ಕಂಡುಬಂದರೆ ಅದು ಗುಂಡಿಯದೋ, ತೋಟದ್ದೋ? ಗುಂಡಿಗಿಂತ ಎತ್ತರದಲ್ಲಿ, ದೂರದಲ್ಲಿ, ಅಷ್ಟೇ ಆಳದಿಂದ ತೆಗೆದ ಇನ್ನೊಂದು ಮಾದರಿಯಿಲ್ಲದೆ ಯಾರೂ ಹೇಳಲಾರರು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮಣ್ಣು ಹಿಡಿದಿಟ್ಟುಕೊಳ್ಳುವ ವಿಷ ಬೇರೆ, ಬಿಟ್ಟುಕೊಡುವ ವಿಷ ಬೇರೆ. ತಾಮ್ರ, ಎಂಡೋಸಲ್ಫಾನ್‌ಗಳು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವಂಥವು. ಅವನ್ನು ಮಣ್ಣಿನಲ್ಲಿ ಹುಡುಕುವುದು ಸರಿ. ಶೌಚಗುಂಡಿಯಿಂದ ಹುಟ್ಟುವ ನೈಟ್ರೇಟ್ ಹಾಗಲ್ಲ; ನೀರಿನೊಡನೆ ಕರಗಿ ಇಳಿದುಬಿಡುತ್ತದೆ. ನಮ್ಮ ಮುರಕಲ್ಲಿನ ನೆಲದಲ್ಲಿ ತೂತುಗಳಿಗೆ ಬರವಿಲ್ಲ. ಮಳೆಗಾಲದಲ್ಲಿ ಗುಂಡಿಯ ನೀರು ಬಾವಿಗೆ ಹಾದಿ ಕಂಡುಕೊಳ್ಳಲು ತಡವಾಗದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಮೊದಲ ಅಪಾಯ ಹಸುಗೂಸಿಗೆ. ಇಂಗುಗುಂಡಿಗೂ ಬಾವಿಗೂ ನಡುವೆ ಕನಿಷ್ಠ 18 ಮೀಟರು ಅಂತರವಿರಬೇಕೆಂದು ಭಾರತೀಯ ಮಾನಕವು ಹೇಳುತ್ತದೆ.

ಬಂಧುಗಳ ಅಂಗಳದಲ್ಲಿ ಹಗ್ಗ ಹಿಡಿದು ಅಳೆದೆವು. 11 ಮೀಟರು! ಮಣ್ಣಿನ ಪೊಟ್ಟಣವನ್ನು ಬದಿಗಿಟ್ಟು, ಪ್ರಯೋಗಶಾಲೆಯಿಂದಲೇ ತಂದ ಶುದ್ಧವಾದ ಸೀಸೆಯಲ್ಲಿ ಬಾವಿಯ ನೀರನ್ನು ತುಂಬಿ ಅಂದೇ ತಲುಪಿಸಿದೆವು. ನೈಟ್ರೇಟ್ ಮಿತಿಯೊಳಗಿತ್ತು; ಆದರೆ ಮಲದ ಕ್ರಿಮಿಗಳು ಕಂಡುಬಂದವು. ಈಗ ಆ ಮನೆಯಲ್ಲಿ ನೀರನ್ನು ಕುದಿಸಿ ಕುಡಿಯುತ್ತಾರೆ, ಗುಂಡಿಯನ್ನು ಇಳಿಜಾರಿನ ಕೆಳಗೆ ಸಾಗಿಸುವ ಕೆಲಸ ನಡೆದಿದೆ. ಒಂದು ಮಾತು ನೆನಪಿರಲಿ: ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ.

ದೂರದ ಬೆಟ್ಟದ ವಿಷವನ್ನು ಸರಕಾರ ಹುಡುಕಬೇಕು. ಹುಡುಕುವಂತೆ ನಾವು ಒತ್ತಾಯಿಸಲೂ ಬೇಕು. ಆದರೆ ನಮ್ಮ ಅಂಗಳವನ್ನು ಅಳೆಯಲು ಒಂದು ಹಗ್ಗ ಸಾಕು.