ಬಾವಿ ಕಟ್ಟೆಯಲ್ಲಿ ನಿಂತು ಹೋಲಿಸಿ

ಸಂವಿಧಾನದ ಮೇಲೆ ಭಾಷಣ ನಡೆದಾಗೆಲ್ಲ ಎರಡು ಮಾತು ಕಿವಿಗೆ ಬೀಳುತ್ತವೆ. ನಮ್ಮದು ಪ್ರಪಂಚದಲ್ಲೇ ದೊಡ್ಡ ಸಂವಿಧಾನ ಅನ್ನೋದು ಒಂದು. ಅದೆಲ್ಲ ಹೊರದೇಶದ ಎರವಲು ಅನ್ನೋದು ಇನ್ನೊಂದು. ಎರವಲಿನ ಮಾತಿಗೆ ಬಾಬಾಸಾಹೇಬರು 1948ರ ನವೆಂಬರ್ 4ರಂದೇ ಸಂವಿಧಾನ ಸಭೆಯಲ್ಲಿ ಉತ್ತರ ಕೊಟ್ಟಿದ್ದಾರೆ. ಸಂವಿಧಾನದ ಮೂಲ ವಿಚಾರಗಳ ಮೇಲೆ ಯಾರಿಗೂ ಪೇಟೆಂಟ್ ಇಲ್ಲ, ಎರವಲು ತರೋದರಲ್ಲಿ ನಾಚಿಕೆ ಏನೂ ಇಲ್ಲ ಅಂದರು. ದೊಡ್ಡದು ಅನ್ನೋ ಮಾತಿಗೆ ಮಾತ್ರ ನಾವೇ ಅಳೆದು ನೋಡಿ ಉತ್ತರ ಹುಡುಕಬೇಕು.

ಅಳೆಯೋದು ಹೇಗೆ? ವಿಧಿಯ ಪಕ್ಕ ವಿಧಿ ಇಟ್ಟು ಓದೋದು ಒಂದು ದಾರಿ. ಹಾಗೆ ಓದಿದರೆ ಎಲ್ಲ ದೇಶದಲ್ಲೂ 'ಸಮಾನತೆ' ಎಂಬ ಪದ ಸಿಗುತ್ತದೆ, ಎಲ್ಲರೂ ಒಳ್ಳೆಯವರೇ ಆಗಿಬಿಡುತ್ತಾರೆ. ಬದುಕಿನ ಒಂದು ಪ್ರಶ್ನೆ ಹಿಡಿದು ಎಲ್ಲ ದೇಶದ ಬಾಗಿಲಿಗೂ ಅದನ್ನೇ ಒಯ್ಯೋದು ಇನ್ನೊಂದು ದಾರಿ. ನಮ್ಮದು ಈ ದಾರಿ. ಪ್ರಶ್ನೆ ಇಷ್ಟೇ: ಹೋಟೆಲಿನವನು ಒಳಗೆ ಬಿಡದಿದ್ದರೆ ಸಂವಿಧಾನ ಅವನ ಕೈ ಹಿಡಿದು ನಿಲ್ಲಿಸುತ್ತದೋ ಇಲ್ಲವೋ?

ಅಮೆರಿಕದ 14ನೇ ತಿದ್ದುಪಡಿ 1868ರಲ್ಲೇ ಕಾನೂನಿನ ಸಮಾನ ರಕ್ಷಣೆ ಸಾರಿತು. ಆದರೆ ಅದು ಸರ್ಕಾರವನ್ನಷ್ಟೇ ಕಟ್ಟುತ್ತದೆ, ಖಾಸಗಿ ಹೋಟೆಲಿನವನನ್ನಲ್ಲ ಅಂತ 1883ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಕರಿಯರಿಗೆ ಹೋಟೆಲಿನ ಬಾಗಿಲು ತೆರೆಸುವ ಕಾಯ್ದೆಯನ್ನು ಆ ದೇಶ ಮತ್ತೆ ತಂದದ್ದು 1964ರಲ್ಲಿ. ಕೋರ್ಟು ಅದನ್ನು ಎತ್ತಿಹಿಡಿದದ್ದೂ ಸಮಾನತೆಯ ಹೆಸರಿನಲ್ಲಲ್ಲ, ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರದ ಹೆಸರಿನಲ್ಲಿ!

ದಕ್ಷಿಣ ಆಫ್ರಿಕದ 1996ರ ಸಂವಿಧಾನ ಸರ್ಕಾರ ಮಾತ್ರವಲ್ಲ, ಯಾವ ವ್ಯಕ್ತಿಯೂ ಅನ್ಯಾಯದ ಭೇದ ಮಾಡಕೂಡದು ಅನ್ನುತ್ತದೆ. 2000ದ ಕಾಯ್ದೆ ಸಮಾನತೆಯ ಕೋರ್ಟುಗಳನ್ನೇ ತಂದಿತು. ಮೇಲ್ನೋಟಕ್ಕೆ ಭೇದ ಕಂಡರೆ ಸಾಕು, ತಾನು ಭೇದ ಮಾಡಿಲ್ಲ ಅಂತ ತೋರಿಸೋ ಹೊಣೆ ಎದುರಾಳಿಯದು.

ಇನ್ನು ನಮ್ಮದು. 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರು ಹಿಡಿದೇ ಹೇಳುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು, ಆಚರಿಸಿದವನು ಯಾರೇ ಆಗಲಿ ಅಪರಾಧಿ. ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ 12ನೇ ಕಲಂ ಪ್ರಕಾರ, ಅಪರಾಧದ ಕೃತ್ಯ ಪರಿಶಿಷ್ಟ ಜಾತಿಯವನ ಮೇಲೆ ನಡೆದಿದ್ದರೆ ಅದು ಅಸ್ಪೃಶ್ಯತೆಯಿಂದಲೇ ನಡೆದದ್ದು ಅಂತ ಕೋರ್ಟು ಭಾವಿಸಬೇಕು. ಅಲ್ಲ ಅಂತ ಸಾಬೀತು ಮಾಡಬೇಕಾದವನು ಆರೋಪಿ. ಕಾಗದದ ಮೇಲೆ ನಾವು ಅಮೆರಿಕಕ್ಕಿಂತ ಮುಂದೆ.

ಹಾಗಂತ ಹೋಲಿಕೆ ಅಲ್ಲಿಗೇ ನಿಲ್ಲಿಸಿದರೆ ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ. ಕರ್ನಾಟಕದ್ದೇ ಒಂದು ಕೇಸು ಕೇಳಿ. ಬೋರ್‌ವೆಲ್ಲಿನ ನೀರು ಮುಟ್ಟಬೇಡಿ ಅಂತ ದಲಿತರನ್ನು ತಡೆದರು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಹೈಕೋರ್ಟು ಬಿಟ್ಟುಕಳಿಸಿತು. ಸುಪ್ರೀಂ ಕೋರ್ಟು ಮತ್ತೆ ಶಿಕ್ಷೆ ಎತ್ತಿಹಿಡಿಯೋ ಹೊತ್ತಿಗೆ 1992 ಆಗಿತ್ತು. ಒಂದು ಕೊಡ ನೀರಿಗೆ ದೆಹಲಿ ತನಕ ದಾರಿ!

ಗೆಳೆಯರೇ, ಯಾವ ದೇಶದ ಸಂವಿಧಾನ ಓದಿದರೂ ನಾಲ್ಕು ಪ್ರಶ್ನೆ ಕೇಳಿ. ಅದು ಯಾರನ್ನು ಕಟ್ಟುತ್ತದೆ? ಸಾಬೀತು ಮಾಡೋ ಹೊರೆ ಯಾರದು? ದೂರು ಬರೆದುಕೊಳ್ಳೋನು ಯಾರು? ತೀರ್ಪಿಗೆ ಎಷ್ಟು ವರ್ಷ? ಮೊದಲೆರಡಕ್ಕೆ ಉತ್ತರ ಪುಸ್ತಕದಲ್ಲಿದೆ. ಉಳಿದೆರಡಕ್ಕೆ ನಿಮ್ಮ ಕೇರಿಯಲ್ಲಿದೆ. ಬರೆದಿಟ್ಟುಕೊಂಡು ಮುಂದಿನ ಸಭೆಗೆ ತನ್ನಿ.